ಡಬ್ಬಿ ಒಂದು ಕಡೆ, ನಾವೊಂದು ಕಡೆ

...ಇಲ್ಲ ಇಲ್ಲ, ಬಾಯಿ ಮುಚ್ಚಬೇಡಿ ಮೋಹನರಾಜ್! ಇನ್ನೂ ದೊಡ್ಡದಾಗಿ ತೆಗೀರಿ... ಹಾಂ, ಹಾಗೆ. ಗೊತ್ತು, ಏನು ಕೇಳಬೇಕು ಅಂತಿದೀರಿ ಅಂತ ಗೊತ್ತು. ಡಬ್ಬಿ ತಾನೆ? ಒಳಗೆ ಬಂದಾಗಿನಿಂದ ನಿಮ್ಮ ಮುಖದ ಮೇಲೆ ಡಬ್ಬಿ ಅಂತಲೇ ಬರೆದಿದೆ. ಹೇಳ್ತೀನಿ, ಎಲ್ಲಾ ಹೇಳ್ತೀನಿ. ಮೊದಲು ಈ ಇಂಜೆಕ್ಷನ್ ಒಂದು ಆಗಿಬಿಡಲಿ. ಚುರ್ ಅನ್ನುತ್ತೆ, ಅಷ್ಟೇ. ಒಂದು... ಆಯ್ತು ನೋಡಿ! ಎರಡು ಅನ್ನೋದರೊಳಗೆ ಮುಗಿಸ್ತೀನಿ ನಾನು. ಮೂವತ್ತು ವರ್ಷ ಆಯ್ತು ಹಲ್ಲಿನ ಡಾಕ್ಟರಾಗಿ, ಮೈಸೂರಲ್ಲಿ ಎಂಟು, ಟೆಕ್ಸಾಸ್‌ನ ಈ ಫ್ಲವರ್ ಮೌಂಡ್‌ನಲ್ಲಿ ಇಪ್ಪತ್ತೆರಡು. ಇವತ್ತು ಶನಿವಾರ, ಅಸಿಸ್ಟೆಂಟ್ ಹುಡುಗಿಗೆ ರಜಾ. ನಾನೇ ಎಲ್ಲಾ ಮಾಡ್ಕೋಬೇಕು, ಹಾಗಾಗಿ ಸ್ವಲ್ಪ ಹೊತ್ತಾಗುತ್ತೆ. ಒಳ್ಳೇದೇ ಆಯ್ತು, ಮಾತಾಡೋಕೆ ಸಮಯ ಸಿಗುತ್ತೆ. ಅಂದ್ರೆ ನಾನು ಮಾತಾಡೋಕೆ. ನೀವು ಎರಡು ಗಂಟೆ ಹೊತ್ತು ಮಾತಾಡೋ ಹಾಗಿಲ್ಲ, ನಾಲಿಗೆ ಅರ್ಧ ಮರಗಟ್ಟಿರುತ್ತೆ.

ಅಬ್ಬಬ್ಬಾ, ಏನ್ರೀ ಇದು! ಹಲ್ಲು ಹೀಗೆ ಸೀಳಿದೆ! ಚಕ್ಕುಲಿ ಕಚ್ಚಿದೆ ಅಂತ ಫೋನಲ್ಲಿ ಹೇಳಿದ್ರಿ. ಯಾರ ಮನೆ ಚಕ್ಕುಲೀರೀ? ಎರಡು ವಾರದಿಂದ ಒಂದೇ ಕಡೆ ಅಗೀತಾ ಕೂತಿದೀರಾ? ನಾನು ಊರಲ್ಲಿಲ್ಲ ಅಂದ್ರೆ ಡಲ್ಲಾಸ್‌ನಲ್ಲಿ ಬೇರೆ ಡಾಕ್ಟರೇ ಇಲ್ವಾ? ಇರಲಿ ಬಿಡಿ, ಕ್ಯಾಪ್ ಹಾಕಿದ್ರೆ ಸರಿಹೋಗುತ್ತೆ. ಕೈ ಆಡಿಸ್ಬೇಡಿ. ನಿಮ್ಮ ಮಗಳು ಇಶಾ ಸಿಕ್ಕಳಾ ಅಂತ ಕೇಳ್ತಿದೀರಿ... ಅಲ್ಲಿಗೇ ಬರ್ತಿದೀನಿ. ಮೊದಲಿನಿಂದ ಹೇಳದೇ ಹೋದ್ರೆ ನಿಮಗೆ ಅರ್ಥ ಆಗಲ್ಲ.

ನಿಮ್ಮ ಕಷ್ಟ ನನಗೆ ಗೊತ್ತಿಲ್ವಾ? ಆ ಜಗಳ ನಡೆದದ್ದೇ ನಮ್ಮ ಮನೇಲಿ, ದೀಪಾವಳಿ ಪಾರ್ಟೀಲಿ. ಆಸ್ಟಿನ್‌ನಲ್ಲಿ ನಾಲ್ಕು ವರ್ಷ ಇಂಜಿನಿಯರಿಂಗ್ ಓದಿದ ಹುಡುಗಿ, ಪ್ಲೇನೋದಲ್ಲಿ ಕೆಲಸ ಕೈಲಿದೆ, ‘ಅದು ಬೇಡ, ಆಸ್ಟ್ರಿಯಾದ ಸಾಲ್ಜ್‌ಬರ್ಗ್‌ಗೆ ಹೋಗಿ ಬೇಕರಿ ಕೆಲಸ ಕಲೀತೀನಿ’ ಅಂದಳು. ನೀವೇನಂದ್ರಿ? ನಲವತ್ತು ಜನದ ಮುಂದೆ, ಬಿಸಿಬೇಳೆ ಬಾತ್ ತಟ್ಟೆ ಕೈಲಿ ಹಿಡ್ಕೊಂಡು, ‘ಒಲೆ ಮುಂದೆ ನಿಲ್ಲೋದೂ ಒಂದು ಕೆಲಸಾನಾ? ಯಾರು ಬೇಕಾದ್ರೂ ಮಾಡ್ತಾರೆ’ ಅಂದ್ರಿ! ಆ ಬಿಸಿಬೇಳೆ ಬಾತ್ ಮಾಡೋಕೆ ನಾನು ಬೆಳಗಿನಿಂದ ಒಲೆ ಮುಂದೆ ನಿಂತಿದ್ದೆ, ಅದು ಬೇರೆ ಮಾತು. ನನಗೂ ಮೈ ಉರೀತು ಅವತ್ತು. ಇಶಾ ತಟ್ಟೆ ಮೇಜಿನ ಮೇಲಿಟ್ಟು ಹೊರಟೇಹೋದಳು. ನಿಮ್ಮ ಶ್ರೀವಿದ್ಯಾ ಇದ್ದಿದ್ರೆ ಅಪ್ಪ ಮಗಳು ಇಬ್ಬರನ್ನೂ ಎದುರಿಗೆ ಕೂರಿಸಿ ಬೈದು ಸರಿ ಮಾಡಿರ್ತಿದ್ರು. ಪಾಪ, ಅವರು ಹೋಗಿ ಐದು ವರ್ಷ ಆಯ್ತು. ಇರೋಳು ಒಬ್ಬಳೇ ಮಗಳು, ಅವಳ ಹತ್ರ ಎಂಟು ತಿಂಗಳಿಂದ ಮಾತಿಲ್ಲ. ಕಣ್ಣು ಒರೆಸ್ಕೊಳ್ಳಿ, ತಗೊಳ್ಳಿ ಟಿಶ್ಯೂ. ಇಂಜೆಕ್ಷನ್ ನೋವಾ? ಹೂಂ, ಹಾಗೇ ಅಂದ್ಕೊಳ್ಳೋಣ.

ಅದಕ್ಕೇ ರೀ, ನಾವು ಯುರೋಪ್‌ಗೆ ಹೊರಟಿದೀವಿ ಅಂತ ಗೊತ್ತಾದ ತಕ್ಷಣ ನೀವು ಅಲೆನ್‌ನಿಂದ ಅಷ್ಟು ದೂರ ಡ್ರೈವ್ ಮಾಡ್ಕೊಂಡು ಡಬ್ಬಿ ತಂದಾಗ ನಾನು ಬೇಡ ಅನ್ನಲಿಲ್ಲ. ನಮ್ಮೋರು ಯಾರಾದ್ರೂ ಊರಿಗೆ ಹೊರಟ್ರೆ ಸಾಕು, ‘ಒಂದು ಸಣ್ಣ ಪೊಟ್ಟಣ’ ಅಂತ ಎಲ್ಲರೂ ಬಂದೇ ಬರ್ತಾರೆ. ನಾನು ಸೂಟ್‌ಕೇಸ್‌ನಲ್ಲಿ ಜಾಗ ಬಿಟ್ಟೇ ಪ್ಯಾಕ್ ಮಾಡೋದು. ಆದ್ರೆ ನಿಮ್ಮ ಡಬ್ಬಿ! ಸ್ಟೀಲ್ ಡಬ್ಬಿ, ಅದರ ಸುತ್ತ ಆ ಕಂದು ಪ್ಯಾಕಿಂಗ್ ಟೇಪು, ಅಡ್ಡ ನಾಲ್ಕು ಸುತ್ತು, ಉದ್ದ ನಾಲ್ಕು ಸುತ್ತು. ‘ಏನಿದೆ ಒಳಗೆ’ ಅಂದ್ರೆ ಬಾಯಿ ಬಿಡಲಿಲ್ಲ ನೀವು. ‘ಯಾರೂ ತೆಗೀಬಾರದು. ಇಶಾ ಕೈಗೇ ಕೊಡಬೇಕು. ಅವಳು ಏನಂದಳು ಅಂತ ನನಗೆ ಬಂದು ಹೇಳಬೇಕು.’ ಏರ್‌ಪೋರ್ಟ್‌ನಲ್ಲಿ ಆ ಎಕ್ಸ್‌ರೇ ಮುಂದೆ ಕೂತವನು ನನ್ನ ಮುಖ ನೋಡ್ತಾನೆ, ಡಬ್ಬಿ ನೋಡ್ತಾನೆ, ನನ್ನ ಮುಖ ನೋಡ್ತಾನೆ. ‘ಸ್ವೀಟ್ಸ್, ಸ್ವೀಟ್ಸ್’ ಅಂದೆ, ಅಂದಾಜಿನ ಮೇಲೆ. ನಗಬೇಡಿ! ಡ್ರಿಲ್ ಇದೆ ಬಾಯಲ್ಲಿ!

ಸರಿ. ಮ್ಯೂನಿಕ್‌ನಲ್ಲಿ ಉಳ್ಕೊಂಡಿದ್ವಿ. ಭಾನುವಾರ ಬೆಳಿಗ್ಗೆ ರೈಲಲ್ಲಿ ಸಾಲ್ಜ್‌ಬರ್ಗ್‌ಗೆ ಹೋಗೋದು, ಹನ್ನೊಂದು ಗಂಟೆಗೆ ಸ್ಟೇಷನ್‌ನಲ್ಲಿ ಇಶಾ ಸಿಗೋದು, ಡಬ್ಬಿ ಕೊಡೋದು, ಊರು ನೋಡೋದು, ರಾತ್ರಿ ವಾಪಸ್ಸು. ಇಷ್ಟೇ ಪ್ಲಾನು. ನಾವು ಮೂರು ಜನ. ನಾನು, ನಮ್ಮ ಮನೆಯವರು ಉದಯಶಂಕರ, ನಮ್ಮತ್ತೆ ಚಂದ್ರಮ್ಮ. ಎಪ್ಪತ್ತೊಂಬತ್ತು ವರ್ಷ ನಮ್ಮತ್ತೆಗೆ, ಶುಗರ್ ಇದೆ, ಆದ್ರೂ ಎಲ್ಲರಿಗಿಂತ ಮುಂಚೆ ರೆಡಿ. ಇನ್ನು ನಾವು ಟೆಕ್ಸಾಸ್‌ನೋರ ಹಣೆಬರಹ ನಿಮಗೆ ಗೊತ್ತಲ್ಲ. ಹಾಲು ತರೋಕೂ ಕಾರು. ಇಪ್ಪತ್ತೆರಡು ವರ್ಷದಲ್ಲಿ ಒಂದು ದಿನ ರೈಲು ಹತ್ತಿಲ್ಲ ನಾವು. ಉದಯನಿಗೆ ರೈಲು ಅಂದ್ರೆ, ಬಸ್ ಅಂದ್ರೆ, ಇನ್ನೂ ಮೈಸೂರಿನ ಸಬರ್ಬನ್ ಬಸ್ ಸ್ಟ್ಯಾಂಡೇ.

ಏನು ಮಾಡಿದ್ರು ಗೊತ್ತಾ? ಟವಲ್ ಹಾಕಿದ್ರು! ಅಯ್ಯೋ ನಿಜವಾಗ್ಲೂ! ಆವಾಗ ಕಾಲೇಜಿಗೆ ಹೋಗೋವಾಗ ಬಸ್ಸು ನಿಲ್ಲೋಕೆ ಮುಂಚೆ ಕಿಟಕಿಯಿಂದ ಟವಲ್ ಎಸೆದು ಸೀಟು ಹಿಡೀತಿದ್ವಲ್ಲ, ಅದೇ! ಮ್ಯೂನಿಕ್ ಸ್ಟೇಷನ್‌ನಲ್ಲಿ ರೈಲು ಬಂದು ನಿಂತಿತು. ನಾನು, ಅತ್ತೆ ಎದುರಿಗೆ ಬಂದ ಡಬ್ಬಿ ಹತ್ತಿದ್ವಿ... ಡಬ್ಬಿ ಅಂದ್ರೆ ರೈಲಿನ ಬೋಗಿ, ನಿಮ್ಮ ಡಬ್ಬಿ ಅಲ್ಲ. ಮುಂದಿನ ಬೋಗಿ. ಸೀಟೂ ಸಿಕ್ತು, ಕೂತೂ ಆಯ್ತು. ಇವರು ಎಲ್ಲಿ ಅಂತ ನೋಡಿದ್ರೆ, ಪ್ಲಾಟ್‌ಫಾರ್ಮ್‌ನಲ್ಲಿ ಹಿಂದಕ್ಕೆ ಓಡ್ತಾ ಇದಾರೆ! ಹೆಗಲ ಮೇಲೆ ಹೋಟೆಲ್ ಟವಲ್ಲು, ಅತ್ತೆಯ ಶಾಲು, ನನ್ನ ದುಪಟ್ಟಾ. ಕಿಟಕಿ ತೆಗೆಯೋಕೆ ನೋಡಿದಾರೆ, ಅದು ತೆಗೆಯೋ ಕಿಟಕೀನೇ ಅಲ್ಲ. ಒಳಗೆ ನುಗ್ಗಿ ಕೊನೇ ಬೋಗೀಲಿ ನಾಲ್ಕು ಸೀಟಿನ ಮೇಲೆ ಎಲ್ಲಾ ಹಾಸಿ, ಬಾಗಿಲಲ್ಲಿ ನಿಂತು ಕೂಗ್ತಾರೆ, ‘ಪ್ರಿಯಂವದಾ, ಬಾ! ಸೀಟು ಹಿಡಿದಿದೀನಿ! ಮೇಜೂ ಇದೆ!’ ‘ಇಲ್ಲೇ ಸೀಟಿದೆ, ಬನ್ರೀ’ ಅಂದೆ. ‘ಟವಲ್ ಹಾಕಿ ಆಯ್ತಲ್ಲ!’ ಅಂದ್ರು. ಆ ಬೋಗೀಲಿ ಬೇರೆ ಜನಾನೇ ಇಲ್ಲ ಕಣ್ರೀ, ಪೂರ್ತಿ ಖಾಲಿ! ಖಾಲಿ ಬೋಗೀಲಿ ಟವಲ್ ಹಾಕಿ ಸೀಟು ಹಿಡಿದ ಮಹಾನುಭಾವ ಪ್ರಪಂಚದಲ್ಲಿ ಇವರೊಬ್ಬರೇ ಇರಬೇಕು.

ಸರಿ, ಅತ್ತೆ ಕೈ ಹಿಡ್ಕೊಂಡು ಪ್ಲಾಟ್‌ಫಾರ್ಮ್ ಉದ್ದಕ್ಕೂ ಓಡಿ ಹಿಂದಿನ ಬೋಗಿಗೆ ಹೋದ್ವಿ. ಈಗ ಕೇಳಿ. ಆ ಕಡೆ ರೈಲುಗಳು ಅರ್ಧ ದಾರೀಲಿ ಎರಡಾಗ್ತಾವೆ. ಹೂಂ! ಮುಂದಿನ ಅರ್ಧ ಒಂದು ಊರಿಗೆ, ಹಿಂದಿನ ಅರ್ಧ ಇನ್ನೊಂದು ಊರಿಗೆ. ಬೋರ್ಡಿನ ಮೇಲೆ ಬರೆದಿತ್ತಂತೆ. ಮೈಕಲ್ಲಿ ಹೇಳಿದ್ರಂತೆ, ಜರ್ಮನ್‌ನಲ್ಲೂ ಹೇಳಿದ್ರಂತೆ, ಇಂಗ್ಲಿಷ್‌ನಲ್ಲೂ ಹೇಳಿದ್ರಂತೆ. ನಮಗೆಲ್ಲಿ ಕೇಳುತ್ತೆ? ಪುಳಿಯೋಗರೆ ಹೋಟೆಲ್ ಫ್ರಿಜ್‌ನಲ್ಲೇ ಉಳೀತು ಅಂತ ಗೊತ್ತಾಗಿ, ಯಾರು ಮರೆತಿದ್ದು ಅಂತ ನಾನೂ ಉದಯನೂ ತೀರ್ಮಾನ ಮಾಡ್ತಾ ಇದ್ವಿ. ಒಂದು ಜಂಕ್ಷನ್‌ನಲ್ಲಿ ರೈಲು ‘ಧಡ್’ ಅಂತು. ಕಿಟಕೀಲಿ ನೋಡ್ತೀನಿ, ನಮ್ಮ ಮುಂದಿನ ಬೋಗಿಗಳು ನಮ್ಮನ್ನು ಬಿಟ್ಟು ಆ ಕಡೆ ಹೊರಟ್ವು! ಅತ್ತೆ, ‘ಏ ಉದಯಾ, ಇಂಜಿನ್ನು ಕಳಚ್ಕೊಂಡ್ಬಿಡ್ತು ಕಣೋ, ಸರಪಳಿ ಎಳಿ!’ ಅಂತ ಎದ್ದು ನಿಂತ್ರು.

...ಅದೇ ಹೇಳೋಕೆ ಬಂದೆ ಮೋಹನರಾಜ್. ಡಬ್ಬಿ... ನಿಮ್ಮ ಡಬ್ಬಿ... ಮುಂದಿನ ಬೋಗೀಲಿ ಉಳ್ಕೊಂಡ್ಬಿಡ್ತು. ಮೊದಲು ಕೂತಿದ್ವಲ್ಲ, ಅಲ್ಲಿ ಮೇಲೆ ಸಾಮಾನಿಡೋ ಕಡೆ ಇಟ್ಟಿದ್ದೆ. ಇವರು ಕೂಗಿದ ಗಡಿಬಿಡೀಲಿ ಮರೆತೆ. ಡಬ್ಬಿ ಸೀದಾ ಸಾಲ್ಜ್‌ಬರ್ಗ್‌ಗೆ ಹೋಯ್ತು, ನಾವು ಮಾತ್ರ ಹೋಗಲಿಲ್ಲ. ಡಬ್ಬಿ ಒಂದು ಕಡೆ, ನಾವೊಂದು ಕಡೆ. ಯಾಕೆ ಹಾಗೆ ನೋಡ್ತೀರಿ? ನನಗೇನು ಬೇಜಾರಾಗಿಲ್ವಾ? ಸ್ವಲ್ಪ ಈ ಕಡೆ ತಿರುಗಿ. ಇಲ್ಲ, ತಲೆ, ಕಣ್ಣಲ್ಲ. ಕಣ್ಣು ಮುಚ್ಚಿಕೊಂಡ್ರೂ ಆಗುತ್ತೆ, ಲೈಟು ಚುಚ್ಚುತ್ತಲ್ಲ... ಮುಚ್ಚಿಕೊಳ್ಳಿ ಪರವಾಗಿಲ್ಲ.

ಮುಚ್ಚಲ್ವಾ? ಸರಿ. ಆಮೇಲೆ ಏನಾಯ್ತು... ಮುಂದಿನ ಸ್ಟೇಷನ್‌ನಲ್ಲಿ ಇಳಿದ್ವಿ. ಹೆಸರು ಕೇಳ್ಬೇಡಿ, ನನ್ನ ಬಾಯಲ್ಲಿ ಬರಲ್ಲ. ಸಣ್ಣ ಊರು, ಸುತ್ತ ಹಸಿರು ಗುಡ್ಡ, ಒಂದು ಚರ್ಚು, ಎರಡು ಹಸು. ಭಾನುವಾರ ಅಂತ ಒಂದು ಅಂಗಡಿ ತೆಗೆದಿಲ್ಲ. ಭಾನುವಾರ ಅಂಗಡಿ ಮುಚ್ಚೋದು ಅಂದ್ರೆ ಏನ್ರೀ! ನಮ್ಮೋರ ಅಂಗಡಿಗಳೇ ತುಂಬಿರೋ ಹ್ಯೂಸ್ಟನ್ ಹಿಲ್‌ಕ್ರಾಫ್ಟ್‌ನಲ್ಲಿ ಭಾನುವಾರ ಕಾಲಿಡೋಕೆ ಜಾಗ ಇರಲ್ಲ. ತಿರುಗಿ ಹೋಗೋ ರೈಲು ಎರಡು ಗಂಟೆ ಆದ್ಮೇಲೆ. ಒಂದು ಮೆಷಿನ್ ಇತ್ತು, ಚಾಕೊಲೇಟ್ ಕೊಡೋದು. ಅದಕ್ಕೆ ನಮ್ಮ ಕಾರ್ಡೂ ಬೇಡ, ನೋಟೂ ಬೇಡ, ಬರೀ ಚಿಲ್ಲರೆ. ಉದಯ ಅದರ ಮುಂದೆ ನಿಂತು ಒದೆಯೋದೊಂದು ಬಾಕಿ. ಅತ್ತೆ ಬೆಂಚಿನ ಮೇಲೆ ಕೂತು ಹಸುವಿನ ಹತ್ರ ಕನ್ನಡದಲ್ಲಿ ಮಾತಾಡಿದ್ರು.

ಕೊನೆಗೆ ಸಾಲ್ಜ್‌ಬರ್ಗ್ ಮುಟ್ಟಿದಾಗ ಮೂರು ಗಂಟೆ. ಇಶಾ ಇರಲಿಲ್ಲ. ಎಷ್ಟು ಹೊತ್ತು ಅಂತ ಕಾಯ್ತಾಳೆ ಪಾಪ, ಡ್ಯೂಟಿ ಇರುತ್ತೆ. ಫೋನೂ ಹೋಗಲಿಲ್ಲ. ಕಳೆದುಹೋದ ಸಾಮಾನಿನ ಆಫೀಸಲ್ಲಿ ಡಬ್ಬಿ ಕೇಳಿದ್ವಿ, ಇಲ್ಲ ಅಂದ್ರು. ಇನ್ನೇನು ಮಾಡೋದು, ಬಂದಿದ್ದಕ್ಕೆ ಊರು ನೋಡೋಣ ಅಂತ ಹೊರಟ್ವಿ. ಚೆನ್ನಾಗಿದೆ ಊರು! ನದಿ ಮೇಲೆ ಒಂದು ಸೇತುವೆ, ಸೇತುವೆ ತುಂಬಾ ಬೀಗಗಳು. ಪ್ರೀತಿ ಮಾಡೋರು ಬೀಗ ಹಾಕಿ ಬೀಗದಕೈ ನೀರಿಗೆ ಎಸೀತಾರಂತೆ. ಅತ್ತೆ, ‘ಆಮೇಲೆ ಮನೆ ಬಾಗಿಲು ಹೇಗೆ ತೆಗೀತಾರೆ?’ ಅಂದ್ರು. ಕುದುರೆ ಗಾಡಿ ನೋಡಿ, ‘ನಮ್ಮ ಟಾಂಗಾ ಇಲ್ಲಿಗೆ ಬಂದಿದೆ’ ಅಂದ್ರು. ಗುಡ್ಡದ ಮೇಲೆ ಕೋಟೆ. ಅದಕ್ಕೆ ಹೋಗೋಕೆ ಓರೆಯಾಗಿ ಹತ್ತೋ ಒಂದು ಪುಟ್ಟ ರೈಲು. ಅತ್ತೆಗೆ ಭಯ, ನಾನು ಹತ್ತಲ್ಲ ಅಂತ ಹಟ. ಇಶಾನೇ ಕೈ ಹಿಡ್ಕೊಂಡು, ‘ಅಜ್ಜಿ, ಚಾಮುಂಡಿ ಬೆಟ್ಟ ಅಂದ್ಕೊಳ್ಳಿ’ ಅಂತ ಪುಸಲಾಯಿಸಿ...

...ಇಶಾ ಅಂದ್ನಾ? ಇಲ್ಲ ಇಲ್ಲ. ಇಶಾ ವಯಸ್ಸಿನ ಹುಡುಗಿ ಅಂದೆ. ಯಾರೋ ಟೂರಿಸ್ಟು. ಮೈಸೂರಿನೋಳು ಇರಬೇಕು, ಚಾಮುಂಡಿ ಬೆಟ್ಟ ಗೊತ್ತಿತ್ತಲ್ಲ. ಈಗ ಎಲ್ಲಾ ಕಡೆ ಇರ್ತಾರೆ ನಮ್ಮೋರು. ಹುಬ್ಬು ಇಳಿಸಿ ಮೋಹನರಾಜ್, ಹಣೆ ಬಿಗಿದ್ರೆ ದವಡೆ ಬಿಗಿಯುತ್ತೆ. ಕ್ಯಾಪ್‌ಗೆ ಹಲ್ಲಿನ ಅಚ್ಚು ತಗೋಬೇಕು ಈಗ. ಈ ಟ್ರೇ ಕಚ್ಚಿ... ಗಟ್ಟಿಯಾಗಿ... ನಾಲ್ಕು ನಿಮಿಷ ಅಲ್ಲಾಡಬೇಡಿ. ಹೂಂ.

ಏನು, ಹೀಗೆ ಕೂತಿದೀರಿ? ಬೇಜಾರು ಮಾಡ್ಕೋಬೇಡಿ ಮೋಹನರಾಜ್. ಹೋದ್ರೆ ಹೋಯ್ತು, ಇನ್ನೊಂದು ಸಲ ಕಳಿಸಿದ್ರಾಯ್ತು. ಯಾರಾದ್ರೂ ಹೋಗೇ ಹೋಗ್ತಾರೆ. ಏನು ಮಹಾ, ಕೊಬ್ಬರಿ ಮಿಠಾಯಿ ತಾನೆ? ಈ ಸಲ ನಾನು ಪಕ್ಕದಲ್ಲಿ ನಿಂತು ಹೇಳಿಕೊಡ್ತೀನಿ. ಏಲಕ್ಕಿ ಅಷ್ಟು ಹಾಕಬಾರದು ರೀ, ಕೊಬ್ಬರಿ ರುಚೀನೇ ಗೊತ್ತಾಗಲ್ಲ. ಮತ್ತೆ ಅಡಿ ಹತ್ತೋಕೆ ಮುಂಚೆ ಒಲೆ ಆರಿಸಿ...

...

ಏನು?

ಏನೋ ಅಂದೆ ನಾನು... ಅಂದಾಜಿನ ಮೇಲೆ ಅಂದೆ. ಸಾಮಾನ್ಯವಾಗಿ ಡಬ್ಬೀಲಿ ಕೊಬ್ಬರಿ ಮಿಠಾಯೀನೇ ಅಲ್ವಾ ಕಳಿಸೋದು? ಏಲಕ್ಕಿ... ಏಲಕ್ಕಿ ಎಲ್ಲರೂ ಜಾಸ್ತೀನೇ ಹಾಕ್ತಾರೆ. ನಾಲ್ಕು ನಿಮಿಷ ಆಯ್ತು, ತೆಗೀತೀನಿ. ಬಾಯಿ ತೊಳ್ಕೊಳ್ಳಿ, ಇಲ್ಲಿ ಉಗುಳಿ. ಹಾಂ. ಮುಗೀತು. ಬಾಯಿ ಖಾಲಿ ಈಗ. ಮಾತು ತೊದಲುತ್ತೆ, ಆದ್ರೂ ಏನಾದ್ರೂ ಅನ್ನಬಹುದು ನೀವು. ಅನ್ನಿ. ಬೈಯೋದಿದ್ರೆ ಬೈಯಿರಿ.

ಅನ್ರೀ ಏನಾದ್ರೂ! ಸುಮ್ನೆ ಹೀಗೆ ಕೂತು ನನ್ನ ಮುಖಾನೇ ನೋಡಿದ್ರೆ ನಾನೇನು ಮಾಡ್ಲಿ?

...ತಿಂದ್ವಿ! ಆಯ್ತಾ? ತಿಂದ್ವಿ. ಡಬ್ಬಿ ಯಾವ ಬೋಗೀಲೂ ಉಳೀಲಿಲ್ಲ. ನನ್ನ ಕೈಲೇ ಇತ್ತು, ಎದೆಗೆ ಅವಚ್ಕೊಂಡೇ ಹಿಂದಿನ ಬೋಗಿಗೆ ಓಡಿದ್ದು. ಆ ಹಸುವಿನ ಊರಲ್ಲಿ ಅತ್ತೆ ಇದ್ದಕ್ಕಿದ್ದ ಹಾಗೆ ಬೆವರೋಕೆ ಶುರು ಮಾಡಿದ್ರು. ಬೆಳಿಗ್ಗೆ ಮಾತ್ರೆ ತಗೊಂಡಿದಾರೆ, ತಿಂಡಿ ಸರಿಯಾಗಿ ತಿಂದಿಲ್ಲ. ಕೈ ನಡುಗುತ್ತೆ, ಮಾತು ತಡವರಿಸುತ್ತೆ. ಶುಗರ್ ನೋಡಿದ್ರೆ ಐವತ್ತೆಂಟು. ನನ್ನ ಜೀವ ಬಾಯಿಗೆ ಬಂತು ಮೋಹನರಾಜ್! ಅಂಗಡಿ ಇಲ್ಲ, ಮೆಷಿನ್ ಕೊಡಲ್ಲ. ಉದಯ ಬೀಗದಕೈಯಿಂದ ಟೇಪು ಕುಯ್ದ್ರು. ಡಬ್ಬಿ ತುಂಬಾ ಕೊಬ್ಬರಿ ಮಿಠಾಯಿ. ಕೈಮುಗಿದೆ ನಿಮಗೆ ಅಲ್ಲೇ, ದೇವರಾಣೆ. ಅತ್ತೆ ಕೈಲಿ ಕಚ್ಚೋಕಾಗಲಿಲ್ಲ, ಬಾಟಲಿ ನೀರಲ್ಲಿ ನೆನೆಸಿ ನೆನೆಸಿ ತಿನ್ನಿಸಿದೆ. ಹತ್ತು ನಿಮಿಷದಲ್ಲಿ ಎದ್ದು ಕೂತ್ರು. ಎದ್ದು ಕೂತು ಹೇಳಿದ ಮೊದಲನೇ ಮಾತು, ‘ಏಲಕ್ಕಿ ಜಾಸ್ತಿ ಆಯ್ತು.’

ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಅತ್ತೆಗೆ ಎರಡು ತುಂಡು ಸಾಕಾಗಿತ್ತು. ಆದ್ರೆ ಹೊಟ್ಟೆ ತಾಳ ಹಾಕ್ತಿತ್ತು ರೀ ನಮಗೂ. ಹಿಲ್‌ಕ್ರಾಫ್ಟ್ ಅಂಗಡಿಯದೇ ಇರಬೇಕು, ವಾಪಸ್ ಹೋಗಿ ಬೇರೆ ತಗೊಂಡು ಪಾರ್ಸೆಲ್ ಮಾಡಿಬಿಡೋಣ, ಮೋಹನರಾಜ್‌ಗೆ ಗೊತ್ತೇ ಆಗಲ್ಲ ಅಂತ ಉದಯ ಅಂದ್ರು. ನಾನೂ ಒಪ್ಪಿಬಿಟ್ಟೆ. ಒಂದು, ಇನ್ನೊಂದು, ಇದೊಂದು... ರೈಲು ಬರೋ ಹೊತ್ತಿಗೆ ಅಡಿಯ ಕಾಗದ ಕಾಣಿಸ್ತು. ಬೆಣ್ಣೆ ಕಾಗದದ ಕೆಳಗೆ ಮಡಚಿದ ಚೀಟಿ. ನಾನು ಓದಬಾರದಿತ್ತು. ಓದಿದೆ. ‘ಮೊದಲನೇ ಸಲ ಹತ್ತಿಹೋಯಿತು. ಎರಡನೇ ಸಲ ಗಟ್ಟಿಯಾಗಲೇ ಇಲ್ಲ. ಇದು ಮೂರನೇ ಸಲದ್ದು. ಯಾರು ಬೇಕಾದರೂ ಮಾಡ್ತಾರೆ ಅಂದಿದ್ದೆ. ತಪ್ಪಾಯಿತು ಮಗಳೇ. ಅಪ್ಪ.’

ಆವಾಗ ಗೊತ್ತಾಯ್ತು ನಾವೇನು ತಿಂದ್ವಿ ಅಂತ. ಉದಯ ಬಾಯಲ್ಲಿದ್ದ ಕೊನೇ ತುಂಡು ಉಗುಳೋಕೂ ಆಗದೆ ನುಂಗೋಕೂ ಆಗದೆ ನಿಂತುಬಿಟ್ರು.

ಇಶಾ ಸಿಕ್ಕಳು ಮೋಹನರಾಜ್. ನಾಲ್ಕು ಗಂಟೆ ಹೊತ್ತು ಅದೇ ಪ್ಲಾಟ್‌ಫಾರ್ಮ್‌ನಲ್ಲಿ ಕಾದು ಕೂತಿದ್ದಳು. ಬೇಕರಿ ಏಪ್ರನ್ ಮೇಲೇ ಬಂದಿದ್ದಳು, ಕೂದಲು ಮೋಟು ಮಾಡ್ಕೊಂಡಿದಾಳೆ, ಚೆನ್ನಾಗಿ ಕಾಣಿಸುತ್ತೆ. ಎಲ್ಲಾ ಹೇಳಿದೆ ಅವಳಿಗೆ, ಖಾಲಿ ಡಬ್ಬಿ, ಚೀಟಿ ಕೈಗಿಟ್ಟೆ. ಚೀಟಿ ಓದಿದಳು. ತಿರುಗಿ ಓದಿದಳು. ‘ಅಪ್ಪ? ಅಪ್ಪ ಮೇಡ್ ದಿಸ್?’ ಅಂದಳು. ಆಮೇಲೆ ಡಬ್ಬಿ ಮೂಲೇಲಿ ಪುಡಿ ಉಳಿದಿತ್ತು, ಅದನ್ನ ಬೆರಳಲ್ಲಿ ಒರೆಸಿ ಬಾಯಿಗೆ ಹಾಕ್ಕೊಂಡು, ‘ಪಾಕ ಓವರ್ ಆಗಿದೆ ಆಂಟಿ’ ಅಂದಳು. ಅಷ್ಟೇ! ಚೀಟಿ ಏಪ್ರನ್ ಜೇಬಿಗೆ ಹೋಯ್ತು. ಊರೆಲ್ಲಾ ಸುತ್ತಿಸಿದಳು, ಅತ್ತೆಯ ಕೈ ಬಿಡಲಿಲ್ಲ, ನಿಮ್ಮ ಬಗ್ಗೆ ಒಂದು ಮಾತಿಲ್ಲ. ಹೊರಡೋವಾಗ ‘ಅಪ್ಪನಿಗೆ ಏನಾದ್ರೂ ಹೇಳ್ಲಾ?’ ಅಂದೆ. ತಲೆ ಅಲ್ಲಾಡಿಸಿದಳು, ‘ನೋ ಆಂಟಿ.’ ನೀವು ಮೂರು ಸಲ ಒಲೆ ಮುಂದೆ ನಿಂತು ಮಾಡಿದ್ದನ್ನ ನಾವು ತಿಂದುಹಾಕಿ, ಅವಳ ಮನಸ್ಸು ಇನ್ನೂ ಕೆಡಿಸಿಬಿಟ್ವಿ ಅನ್ನಿಸ್ತು. ಯಾವ ಮುಖ ಇಟ್ಕೊಂಡು ನಿಮಗೆ ಇದನ್ನೆಲ್ಲಾ ಹೇಳ್ಲಿ? ಸಿಗಲೇ ಇಲ್ಲ ಅಂದ್ರೆ ನಿಮಗೂ ನೋವಿರಲ್ಲ ಅಂದ್ಕೊಂಡೆ.

ಏನಿದು, ಫೋನ್ ಯಾಕೆ ತೋರಿಸ್ತಿದೀರಿ? ಕನ್ನಡಕ ಇರಿ... ಇಶಾ ಮೆಸೇಜು! ಅವತ್ತೇ ಕಳಿಸಿದಾಳೆ, ಅದೇ ಭಾನುವಾರ! ‘ಅಪ್ಪಾ, ಪ್ರಿಯಂವದಾ ಆಂಟಿ ಕೇಮ್. ಮಿಠಾಯಿ ತಿಂದೆ. ಸೋ ಸಾಫ್ಟ್. ಥ್ಯಾಂಕ್ ಯೂ.’ ಅಯ್ಯೋ ದೇವರೇ! ಅಂದ್ರೆ ನಿಮಗೆ... ಮೊದಲಿನಿಂದಲೂ ಗೊತ್ತಿತ್ತಾ? ನಾನು ಮುಕ್ಕಾಲು ಗಂಟೆಯಿಂದ ಡಬ್ಬಿ ರೈಲಲ್ಲಿ ಹೋಯ್ತು, ಇಶಾ ಸಿಗಲಿಲ್ಲ ಅಂತ ರೈಲು ಬಿಡ್ತಾ ಇದೀನಿ, ನೀವು ಬಾಯಿ ತೆಕ್ಕೊಂಡು ಕೇಳ್ತಾ ಇದೀರಿ! ಎರಡು ಏಟು ಹಾಕಬೇಕು ನಿಮಗೆ!

ಒಂದು ನಿಮಿಷ. ಇದಕ್ಕೆ ನೀವು ಉತ್ತರಾನೇ ಕೊಟ್ಟಿಲ್ಲ. ಎರಡು ವಾರ ಆಯ್ತು! ಮಗಳು ತಾನಾಗಿ ಬರೆದಿದಾಳೆ, ನೀವು ಸುಮ್ನಿದೀರಿ. ಯಾಕ್ರೀ? ...ಹಲ್ಲು ಯಾಕೆ ತೋರಿಸ್ತೀರಿ? ಹಲ್ಲಿನ ವಿಷಯ ಈಗ ಯಾಕೆ... ಓ. ಓಹೋ! ಚಕ್ಕುಲಿ ಅಲ್ಲ! ಮನೇಲಿ ಇಟ್ಕೊಂಡಿದ್ದ ಅದೇ ಮಿಠಾಯಿ ಕಚ್ಚಿ ಹಲ್ಲು ಹೋಗಿದ್ದಾ? ಮೆಸೇಜು ಬಂದ ಖುಷಿಗೆ ನೀವೂ ಒಂದು ಬಾಯಿಗೆ ಹಾಕ್ಕೊಂಡ್ರಿ... ಕಲ್ಲಿನ ಹಾಗಿದೆ, ಮಗಳು ಸಾಫ್ಟ್ ಅಂತಾಳೆ... ಅಂದ್ಮೇಲೆ ಅವಳು ತಿಂದೇ ಇಲ್ಲ, ತಗೊಂಡು ಕಸಕ್ಕೆ ಹಾಕಿ, ಬಾಯಿ ಮಾತಿಗೆ ಥ್ಯಾಂಕ್ಸ್ ಅಂದಿದಾಳೆ, ಚೀಟೀನೂ ಓದಿಲ್ಲ. ಹಾಗಂತ ಅಂದ್ಕೊಂಡ್ರಾ? ಎರಡು ವಾರದಿಂದ ಹಾಗಂದ್ಕೊಂಡು ಒಬ್ಬರೇ ಆ ಮನೇಲಿ ಕೂತಿದೀರಾ? ಅಯ್ಯೋ ಮೋಹನರಾಜ್... ಕ್ಷಮಿಸ್ಬಿಡಿ ರೀ. ನಾನು ಬಂದ ದಿನಾನೇ ಹೇಳಬೇಕಿತ್ತು. ನನ್ನ ಮರ್ಯಾದೆ ನೋಡ್ಕೊಂಡು ಕೂತೆ.

ಕಸಕ್ಕೆ ಹಾಕಿಲ್ಲ ಕಣ್ರೀ ಅವಳು! ಹಾಕೋಕೆ ನಾವು ಉಳಿಸಿದ್ರೆ ತಾನೆ? ಪುಡಿ ಒರೆಸ್ಕೊಂಡು ತಿಂದಿದಾಳೆ. ಗಟ್ಟಿ ಅಂತ ಅವಳಿಗೆ ಚೆನ್ನಾಗಿ ಗೊತ್ತು. ಆದ್ರೂ ಸಾಫ್ಟ್ ಅಂತ ಬರೆದಿದಾಳೆ, ಅಪ್ಪನಿಗೆ ಖುಷಿ ಆಗಲಿ ಅಂತ. ನಾವು ತಿಂದ್ವಿ ಅಂತಲೂ ಬರೀಲಿಲ್ಲ ನೋಡಿ, ಈ ಆಂಟಿ ಮಾನಾನೂ ಉಳಿಸಿದಾಳೆ! ಇಷ್ಟು ಬರೆದು ಅಲ್ಲಿ ಅವಳು ಕಾಯ್ತಾ ಇದಾಳೆ, ಇಲ್ಲಿ ನೀವು. ಕೊಡಿ ಇಲ್ಲಿ ಫೋನು. ಕೊಡಿ ಅಂದ್ರೆ! ಈಗ ಅಲ್ಲಿ ಸಂಜೆ ಐದು ಗಂಟೆ, ಬೇಕರಿ ಮುಗಿದಿರುತ್ತೆ. ತುಟಿ ಮರಗಟ್ಟಿದ್ರೆ ಏನಂತೆ? ರಿಂಗ್ ಆಗ್ತಿದೆ. ಏಳಬೇಡಿ, ಕೂತ್ಕೊಳ್ಳಿ!

ಹಲೋ, ಇಶಾ? ನಾನಮ್ಮ, ಪ್ರಿಯಂವದಾ ಆಂಟಿ. ಹೂಂ, ಅಪ್ಪನ ಫೋನಿಂದಲೇ. ಗಾಬರಿ ಆಗ್ಬೇಡ, ಚೆನ್ನಾಗಿದಾರೆ, ಇಲ್ಲೇ ನನ್ನ ಚೇರಲ್ಲಿ ಕೂತಿದಾರೆ. ಸ್ಪೀಕರ್‌ಗೆ ಹಾಕಿದೀನಿ... ಇಲ್ಲ, ಈಗ ಅವರಿಗೆ ಮಾತಾಡೋಕಾಗಲ್ಲ... ಅಯ್ಯೋ ಇಲ್ಲಮ್ಮ, ಕೋಪ ಅಲ್ಲ! ಕೋಪ ಅಲ್ಲ ಕಂದ, ಇಂಜೆಕ್ಷನ್ನು. ನೀನು ಮಾತಾಡು. ಕೇಳಿಸ್ಕೋತಾ ಇದಾರೆ.